ಕೆಂಪಕ್ಷರದ ವರದಿ ಬಂದಾಗ

2025ರ ಅಕ್ಟೋಬರ್ ಮೊದಲ ವಾರ. ಅಂಕೋಲೆಯಲ್ಲಿ ಮಳೆ ಇನ್ನೂ ಪೂರ್ತಿ ಬಿಟ್ಟಿರಲಿಲ್ಲ. ಸಂಜೆ ಇಷ್ಟಲಿಂಗ ಪೂಜೆಗೆ ಕೂರುವ ಹೊತ್ತಿಗೆ ಕಾರವಾರದಿಂದ ಮಗಳ ಫೋನ್ ಬಂತು. ಅವಳು ಚೊಚ್ಚಲ ಬಸುರಿ. ಧ್ವನಿ ಒಡೆದಿತ್ತು.

"ಅಪ್ಪಾ, ರಕ್ತದ ರಿಪೋರ್ಟ್ ಬಂತು. ಕೆಂಪ ಅಕ್ಷರದಾಗ ಹೈ ರಿಸ್ಕ್ ಅಂತ ಬರದಾರ. ಕೂಸಿಗೆ ಏನೋ ಆಗೇತಪ್ಪಾ."

ರಕ್ತ ಪರೀಕ್ಷೆ ಮಾಡಿದ ಲ್ಯಾಬಿನವರು ವರದಿಯನ್ನು ನೇರವಾಗಿ ಅವಳ ವಾಟ್ಸಾಪ್‌ಗೆ ಕಳಿಸಿದ್ದರು. ಜೊತೆಗೆ ಒಂದು ಮಾತಿಲ್ಲ, ವಿವರಣೆಯಿಲ್ಲ. ವೈದ್ಯರನ್ನು ಕಾಣಬೇಕೆಂದರೆ ಮರುದಿನ ರಜೆ. ಎರಡು ರಾತ್ರಿ ಆ ಹುಡುಗಿ ಒಂದು ಕೆಂಪು ಸಾಲನ್ನು ನೋಡುತ್ತ ಕಳೆದಳು. "ಡೌನ್ ಸಿಂಡ್ರೋಮ್: 1:140."

ನಾನು ಮೂವತ್ತಕ್ಕೂ ಹೆಚ್ಚು ವರ್ಷ ಸರ್ಕಾರಿ ಇಂಜಿನಿಯರ್ ಆಗಿ ರಸ್ತೆ, ಸೇತುವೆ ಕೆಲಸ ಮಾಡಿದವನು. ಹುಟ್ಟೂರು ಧಾರವಾಡ ಸೀಮೆ. ವರ್ಗವಾಗಿ ಕರಾವಳಿಗೆ ಬಂದವನು ಇಲ್ಲೇ ಮನೆ ಕಟ್ಟಿ ಉಳಿದೆ. ಅಂಕಿಗಳ ನಡುವೆಯೇ ಬದುಕಿದ ಮನುಷ್ಯನಿಗೆ ಆ ಒಂದು ಅಂಕಿ ಓದುವಾಗ ಕೈ ನಡುಗಿತು. ಆ ಮೂರು ವಾರಗಳಲ್ಲಿ ನಾವು ಕಲಿತದ್ದನ್ನು, ತಪ್ಪಿದ್ದನ್ನು ಶರಣ ಬಂಧುಗಳ ಮುಂದೆ ಇಡಬೇಕು ಅನ್ನಿಸಿದೆ. ಇಂಥ ವರದಿ ಇವತ್ತು ಯಾರ ಮನೆಗೂ ಬರಬಹುದು. ಬಂದಾಗ ನಮ್ಮ ಮನೆಗಳು, ನಮ್ಮ ಮಠಗಳು ಹೇಗೆ ನಡೆದುಕೊಳ್ಳುತ್ತವೆ ಎಂಬುದೇ ನನ್ನ ಪ್ರಶ್ನೆ.

ಅಂಕಿ ಏನು ಹೇಳುತ್ತದೆ?

1:140 ಎಂದರೆ ಇಂಥದೇ ವರದಿ ಬಂದ 140 ತಾಯಂದಿರಲ್ಲಿ ಒಬ್ಬರ ಮಗುವಿಗೆ ಆ ತೊಂದರೆ ಇರಬಹುದು, ಉಳಿದ 139 ಮಂದಿಯ ಮಕ್ಕಳಿಗೆ ಇರುವುದಿಲ್ಲ ಎಂದರ್ಥ. ಸಾಮಾನ್ಯವಾಗಿ 1:250ಕ್ಕಿಂತ ಹೆಚ್ಚಿನ ಸಂಭವ ಕಂಡರೆ "ಹೈ ರಿಸ್ಕ್" ಎಂದು ಬರೆಯುತ್ತಾರೆ. ಮುಂದಿನ ಪರೀಕ್ಷೆ ಬೇಕೋ ಬೇಡವೋ ಎಂದು ತೀರ್ಮಾನಿಸಲು ಎಳೆದ ಗೆರೆ ಅದು. ಆ ಗೆರೆಯನ್ನು ನಾವು ರೋಗ ಎಂದು ಓದುತ್ತೇವೆ.

ಇನ್ನೊಂದು ಲೆಕ್ಕ ಹೇಳುತ್ತೇನೆ. ಡೌನ್ ಸಿಂಡ್ರೋಮ್ ಸುಮಾರು 800 ಮಕ್ಕಳಿಗೆ ಒಂದರಂತೆ ಕಾಣುತ್ತದೆ ಎಂದಿಟ್ಟುಕೊಳ್ಳಿ. 8000 ಬಸುರಿಯರಲ್ಲಿ 10 ಮಂದಿಯ ಮಗುವಿಗೆ ಅದಿರುತ್ತದೆ. ನಾಲ್ಕು ಅಂಶ ನೋಡುವ ಕ್ವಾಡ್ರುಪಲ್ ರಕ್ತ ಪರೀಕ್ಷೆ ಇಂಥ ನೂರರಲ್ಲಿ ಸುಮಾರು 80ನ್ನು ಹಿಡಿಯುತ್ತದೆ. ಅಂದರೆ 8 ಸಿಗುತ್ತವೆ, 2 ತಪ್ಪಿಹೋಗುತ್ತವೆ. ಅದೇ ಪರೀಕ್ಷೆ ತೊಂದರೆಯಿಲ್ಲದ ನೂರು ಮಂದಿಯಲ್ಲಿ ಸುಮಾರು 5 ಮಂದಿಯನ್ನೂ ಹೈ ರಿಸ್ಕ್ ಎನ್ನುತ್ತದೆ. 8000ಕ್ಕೆ ಅದು 400 ಆಯಿತು. ಹಾಗಾದರೆ ಕೆಂಪಕ್ಷರದ ವರದಿ ಹಿಡಿದು ಅಳುವ 408 ತಾಯಂದಿರಲ್ಲಿ 400 ಮಂದಿಯ ಅಳು ಅಕಾರಣ. ಹಸಿರು ವರದಿ ಪಡೆದು ನಿಶ್ಚಿಂತೆಯಾದವರಲ್ಲಿ ಇಬ್ಬರ ನಿಶ್ಚಿಂತೆಯೂ ಅಕಾರಣವೇ. ಪರೀಕ್ಷೆ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಅದರ ಕೆಲಸ ಜರಡಿ ಹಿಡಿಯುವುದು ಮಾತ್ರ.

ನಮ್ಮ ಕಸುಬಿನಲ್ಲಿ ಇದಕ್ಕೆ ಹತ್ತಿರದ ಒಂದು ವಿಷಯವಿದೆ. ಹಳೆಯ ಸೇತುವೆಯ ಕಾಂಕ್ರೀಟ್ ಗಟ್ಟಿ ಇದೆಯೇ ಎಂದು ನೋಡಲು ಮೊದಲು ರಿಬೌಂಡ್ ಹ್ಯಾಮರ್ ಬಡಿಯುತ್ತೇವೆ. ಕಂಬಕ್ಕೆ ನೋವಿಲ್ಲ, ಖರ್ಚು ಕಡಿಮೆ. ಅಂಕಿ ಕಡಿಮೆ ಬಂತೆಂದು ಯಾರೂ ಸೇತುವೆ ಕೆಡವುವುದಿಲ್ಲ. ಅನುಮಾನ ಬಂದ ಕಡೆ ಕೋರ್ ತೆಗೆದು ಪ್ರಯೋಗಾಲಯಕ್ಕೆ ಕಳಿಸುತ್ತೇವೆ. ಆ ಫಲಿತಾಂಶ ಬಂದ ಮೇಲೆ ಮಾತು. ಬಸುರಿಯ ರಕ್ತ ಪರೀಕ್ಷೆ ಹ್ಯಾಮರ್ ಇದ್ದಂತೆ. ಗರ್ಭದ ನೀರು ತೆಗೆದು ನೋಡುವ ಆಮ್ನಿಯೋಸೆಂಟೆಸಿಸ್ ಕೋರ್ ಇದ್ದಂತೆ. ಈಚೆಗೆ ಬಂದಿರುವ ಎನ್.ಐ.ಪಿ.ಟಿ. ತಾಯಿಯ ರಕ್ತದಲ್ಲಿ ತೇಲುವ ಡಿ.ಎನ್.ಎ. ಚೂರುಗಳನ್ನು ನೋಡುತ್ತದೆ. ಬಸಿರಿನ 10ನೇ ವಾರದಿಂದ ಮಾಡಿಸಬಹುದು. ಡೌನ್ ಸಿಂಡ್ರೋಮ್ ಮಟ್ಟಿಗೆ ನೂರಕ್ಕೆ 99ರಷ್ಟು ಹಿಡಿಯುತ್ತದೆ. ಖರ್ಚು ಹೆಚ್ಚು. ಆದರೂ ಅದು ಒಳ್ಳೆಯ ಹ್ಯಾಮರೇ ಹೊರತು ಕೋರ್ ಅಲ್ಲ. ಅದರಲ್ಲಿ ಕೆಂಪು ಬಂದರೂ ಆಮ್ನಿಯೋಸೆಂಟೆಸಿಸ್‌ನಿಂದ ಖಚಿತಪಡಿಸಿಕೊಳ್ಳಬೇಕು.

ಮೊದಲು ನೋಡಬೇಕಾದದ್ದು

ಮೂರನೇ ದಿನ ವೈದ್ಯೆ ವರದಿ ನೋಡಿ ಕೇಳಿದ ಮೊದಲ ಪ್ರಶ್ನೆ ನನ್ನನ್ನು ನಾಚಿಸಿತು. ಇಂಜಿನಿಯರ್ ಆದ ನಾನೇ ಅದನ್ನು ಕೇಳಬೇಕಿತ್ತು. "ಇದರಲ್ಲಿ ಬರೆದಿರುವ ವಾರ, ತೂಕ, ವಯಸ್ಸು ಸರಿ ಇವೆಯೇ?"

ಈ ಅಪಾಯದ ಅಂಕಿಯನ್ನು ಕಂಪ್ಯೂಟರ್ ತೆಗೆಯುತ್ತದೆ. ತಾಯಿಯ ವಯಸ್ಸು, ತೂಕ, ಬಸಿರಿನ ವಾರ, ಅವಳಿ ಮಕ್ಕಳೇ ಎಂಬುದನ್ನೆಲ್ಲ ಅದಕ್ಕೆ ಕೊಡಬೇಕು. ಕೊಟ್ಟದ್ದು ತಪ್ಪಾದರೆ ಬಂದದ್ದೂ ತಪ್ಪು. ಮಗಳ ವರದಿಯಲ್ಲಿ ಮುಟ್ಟಿನ ದಿನಾಂಕ ಹಿಡಿದು 17 ವಾರ ಎಂದಿತ್ತು. ಸ್ಕ್ಯಾನಿಂಗ್ ಪ್ರಕಾರ ಮಗು 10 ದಿನ ಚಿಕ್ಕದು. ವಾರ ಹೆಚ್ಚು ತೋರಿಸಿದರೆ ರಕ್ತದ ಒಂದು ಅಂಶ ಇರಬೇಕಾದ್ದಕ್ಕಿಂತ ಕಡಿಮೆಯೆಂದೂ ಇನ್ನೊಂದು ಹೆಚ್ಚೆಂದೂ ಕಾಣುತ್ತದೆ. ಡೌನ್ ಸಿಂಡ್ರೋಮ್ ಅಪಾಯ ಸುಳ್ಳೇ ಏರುತ್ತದೆ. ಸರಿಪಡಿಸಿದ ಲೆಕ್ಕದಲ್ಲಿ 1:210 ಬಂತು. ಇನ್ನೂ ಗೆರೆಯ ಆಚೆಯೇ. ಆದರೆ ಮಗಳ ಮುಖದಲ್ಲಿ ಉಸಿರು ಬಂತು.

ಸ್ಕ್ಯಾನಿಂಗಿನಲ್ಲಿ ಕಾಣುವ ಕೆಲವು ಸಣ್ಣ ಗುರುತುಗಳ ಬಗ್ಗೆಯೂ ಹೀಗೇ. ಮಗುವಿನ ಹೃದಯದಲ್ಲಿ ಬಿಳಿ ಚುಕ್ಕೆ, ಮೆದುಳಿನಲ್ಲಿ ಸಣ್ಣ ನೀರಿನ ಗುಳ್ಳೆ ಎಂದು ಬರೆದಿದ್ದರೆ ಮನೆಮಂದಿ ಕಂಗಾಲಾಗುತ್ತಾರೆ. ಬೇರೆ ಯಾವ ದೋಷವೂ ಇಲ್ಲದೆ ಇವು ಒಂಟಿಯಾಗಿ ಕಂಡಾಗ ಬಹುಪಾಲು ಮಕ್ಕಳು ಆರೋಗ್ಯವಾಗಿಯೇ ಹುಟ್ಟುತ್ತವೆ. ಆ ಗುಳ್ಳೆಗಳು ಸಾಮಾನ್ಯವಾಗಿ ತಾವೇ ಕರಗುತ್ತವೆ.

ಗ್ರಹಣ ಮತ್ತು ಗೃಹಸ್ಥರು

ಇನ್ನು ಮನೆಯ ಮಾತಿಗೆ ಬರುತ್ತೇನೆ. ವರದಿ ಬಂದ ಮರುದಿನವೇ ಬಂಧುಗಳ ಫೋನ್ ಶುರುವಾದವು. "ಗ್ರಹಣದ ದಿನ ಹೊರಗ ಬಂದಿದ್ಳೇನು ಕೇಳ್ರಿ" ಎಂದರು ಒಬ್ಬ ಹಿರಿಯರು. ಸೆಪ್ಟೆಂಬರ್ 7ರ ಚಂದ್ರಗ್ರಹಣದ ಮಾತು ಅದು. ಇನ್ನೊಬ್ಬರಿಗೆ ಅವಳು ತಿಂದ ಪಪ್ಪಾಯಿಯ ಮೇಲೆ ಅನುಮಾನ. ಮತ್ತೊಬ್ಬರಿಗೆ ಅವಳ ಲ್ಯಾಪ್‌ಟಾಪ್ ಕೆಲಸದ ಮೇಲೆ. ಬೀಗರ ಕಡೆಯ ಒಬ್ಬರು ನಮ್ಮ ವಂಶದಲ್ಲಿ ಯಾರಿಗಾದರೂ ಹೀಗಿತ್ತೇ ಎಂದು ಮೆಲ್ಲಗೆ ವಿಚಾರಿಸಿದರು. ಅಳಿಯನ ವಂಶದ ಬಗ್ಗೆ ಯಾರೂ ವಿಚಾರಿಸಲಿಲ್ಲ.

ಇಲ್ಲಿ ಒಂದು ಮಾತನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ಇಪ್ಪತ್ತು ವರ್ಷ ಬಸವ ಜಯಂತಿಯ ವೇದಿಕೆಗಳಲ್ಲಿ ಪಂಚಾಂಗ, ಶಕುನ, ಗ್ರಹಣಗಳ ಭಯ ಬಿಡಿ ಎಂದು ಭಾಷಣ ಮಾಡಿದ ನಾನೂ ಆ ರಾತ್ರಿ ಎಲ್ಲರೂ ಮಲಗಿದ ಮೇಲೆ ಮೊಬೈಲ್ ತೆಗೆದು ಗ್ರಹಣದ ಹೊತ್ತು ಎಷ್ಟಿತ್ತು ಎಂದು ನೋಡಿದೆ. ಭಯ ಬಂದಾಗ ಹಳೆಯ ಮೌಢ್ಯ ಹಿತ್ತಲ ಬಾಗಿಲಿನಿಂದ ಒಳಗೆ ಬರುತ್ತದೆ. ಸಭೆಯಲ್ಲಿ ಅದನ್ನು ಅಲ್ಲಗಳೆಯುವುದು ಸುಲಭ, ಮಗಳ ಅಳು ಕೇಳುವಾಗ ಕಷ್ಟ.

ಸತ್ಯವಿಷ್ಟು. ಡೌನ್ ಸಿಂಡ್ರೋಮ್ ಇರುವವರ ಜೀವಕೋಶದಲ್ಲಿ 21ನೇ ವರ್ಣತಂತು ಎರಡರ ಬದಲು ಮೂರು ಇರುತ್ತದೆ. ಫ್ರಾನ್ಸಿನ ಜೆರೋಮ್ ಲೆಜೂನ್ ಮತ್ತು ಸಂಗಡಿಗರು 1959ರಲ್ಲಿ ಇದನ್ನು ಪ್ರಕಟಿಸಿದರು. ನೂರರಲ್ಲಿ ಸುಮಾರು 95 ಸಂದರ್ಭಗಳಲ್ಲಿ ಇದು ಹೆಚ್ಚಾಗಿ ಅಂಡಾಣು ರೂಪುಗೊಳ್ಳುವ ಹಂತದಲ್ಲಿ ವರ್ಣತಂತುಗಳು ಸರಿಯಾಗಿ ಬೇರೆಯಾಗದೆ ಆಗುವ ಆಕಸ್ಮಿಕ. ತಾಯಿಯ ವಯಸ್ಸು ಏರಿದಂತೆ ಸಂಭವ ಏರುತ್ತದೆ: 30ರಲ್ಲಿ ಸುಮಾರು 900ಕ್ಕೆ ಒಂದು, 35ರಲ್ಲಿ 350ಕ್ಕೆ ಒಂದು, 40ರಲ್ಲಿ 100ಕ್ಕೆ ಒಂದು. ಗ್ರಹಣಕ್ಕೂ ಪಪ್ಪಾಯಿಗೂ ಹಿಂದಿನ ಜನ್ಮಕ್ಕೂ ಇದರಲ್ಲಿ ಪಾಲಿಲ್ಲ. ಕೆಲವೇ ಪ್ರಕರಣಗಳಲ್ಲಿ ಇದು ಪೋಷಕರಿಂದ ಬರಬಹುದು. ಅದು ತಾಯಿಯಿಂದಲೂ ಆಗಬಹುದು, ತಂದೆಯಿಂದಲೂ ಆಗಬಹುದು. ಸೋದರ ಸಂಬಂಧದ ಮದುವೆಯಿಂದ ಬೇರೆ ಕೆಲವು ಆನುವಂಶಿಕ ಕಾಯಿಲೆಗಳ ಸಂಭವ ಹೆಚ್ಚುತ್ತದೆ ಎಂಬುದು ನಿಜ. ನಮ್ಮ ಉತ್ತರ ಕರ್ನಾಟಕದ ಮನೆಗಳು ಅದನ್ನು ಗಂಭೀರವಾಗಿ ಯೋಚಿಸಬೇಕು. ಆದರೆ ಯೋಚಿಸಬೇಕಾದ್ದು ಮದುವೆಗೆ ಮುಂಚೆ. ಬಸುರಿಯ ಮುಂದೆ ಕೂತು ತಪ್ಪು ಹುಡುಕುವುದು ಕ್ರೌರ್ಯ.

ಜನನ ಸೂತಕ, ರಜಸ್ಸೂತಕಗಳನ್ನು ಹನ್ನೆರಡನೆಯ ಶತಮಾನದಲ್ಲೇ ತಳ್ಳಿಹಾಕಿದ ಪರಂಪರೆ ನಮ್ಮದು. ಹೆಣ್ಣಿನ ಒಡಲಿಗೆ ಮೈಲಿಗೆ ಇಲ್ಲ ಎಂದವರು ಶರಣರು. ಆ ಒಡಲಿನಲ್ಲಿ ಆದ ಒಂದು ಆಕಸ್ಮಿಕಕ್ಕೆ ಆಕೆಯನ್ನೇ ಹೊಣೆ ಮಾಡಿದರೆ ಸೂತಕಕ್ಕೆ ಹೊಸ ಹೆಸರು ಕೊಟ್ಟಂತಾಯಿತು, ಅಷ್ಟೆ.

ನಮ್ಮ ಜಿಲ್ಲೆಯ ದಾರಿ

ಕೋರ್ ಪರೀಕ್ಷೆ ಮಾಡಿಸುವುದು ಎಂದು ಮಗಳು ತೀರ್ಮಾನಿಸಿದಳು. ಎಲ್ಲಿ? ಕಾರವಾರದಲ್ಲಿ ವೈದ್ಯಕೀಯ ಕಾಲೇಜು ಬಂದಿದೆ, ಸಂತೋಷ. ಆದರೂ ಉತ್ತರ ಕನ್ನಡದವರು ದೊಡ್ಡ ಚಿಕಿತ್ಸೆಗೆ ಇಂದಿಗೂ ಮಣಿಪಾಲ, ಮಂಗಳೂರು, ಹುಬ್ಬಳ್ಳಿ ಅಥವಾ ಗೋವಾದ ದಾರಿ ಹಿಡಿಯುತ್ತಾರೆ. 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಒಯ್ಯುತ್ತಿದ್ದ ಆಂಬ್ಯುಲೆನ್ಸ್ ಬೈಂದೂರು ಬಳಿಯ ಶಿರೂರು ಟೋಲ್‌ಗೇಟಿನಲ್ಲಿ ಅಪಘಾತಕ್ಕೀಡಾಗಿ ನಾಲ್ವರು ಸತ್ತರು. ಜಿಲ್ಲೆಗೊಂದು ಸುಸಜ್ಜಿತ ಆಸ್ಪತ್ರೆ ಬೇಕೆಂಬ ಕೂಗು ಆಗ ಜೋರಾಯಿತು. ಎರಡು ವರ್ಷದ ನಂತರ, 2024ರ ಜುಲೈ 16ರಂದು, ನಮ್ಮದೇ ಅಂಕೋಲಾ ತಾಲೂಕಿನ ಇನ್ನೊಂದು ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯೇ ಮುಚ್ಚಿತು. ಆ ದಿನಗಳಲ್ಲಿ ಇಂಥ ವರದಿ ಹಿಡಿದು ದಕ್ಷಿಣಕ್ಕೆ ಹೊರಡಬೇಕಾದ ಬಸುರಿಯ ಗತಿ ಏನು ಎಂದು ರಸ್ತೆ ಇಲಾಖೆಯಲ್ಲಿದ್ದ ನಾನು ಎಂದೂ ಯೋಚಿಸಿರಲಿಲ್ಲ.

ದೂರದ ಜೊತೆಗೆ ಕಾಲವೂ ಓಡುತ್ತದೆ. ಲೆಕ್ಕ ಹಾಕಿ. ಕ್ವಾಡ್ರುಪಲ್ ಪರೀಕ್ಷೆ 16, 17ನೇ ವಾರಕ್ಕೆ. ವರದಿ, ವೈದ್ಯರ ಭೇಟಿ, ಪ್ರಯಾಣ, ಆಮ್ನಿಯೋಸೆಂಟೆಸಿಸ್ ಮುಗಿಯುವಾಗ 18, 19. ಮುಖ್ಯ ವರ್ಣತಂತುಗಳ ತ್ವರಿತ ಫಲಿತಾಂಶ ಕೆಲವು ದಿನಗಳಲ್ಲಿ ಬರುತ್ತದೆ. ಪೂರ್ಣ ವರದಿಗೆ ಎರಡು ಮೂರು ವಾರ. ಅಷ್ಟರಲ್ಲಿ 21, 22ನೇ ವಾರ. ಯೋಚಿಸಲು ಸಮಯವೇ ಉಳಿಯುವುದಿಲ್ಲ. ಆದ್ದರಿಂದ ಬಸಿರು ಗೊತ್ತಾದ ಕೂಡಲೇ ಆಶಾ ಕಾರ್ಯಕರ್ತೆಗೆ ಹೇಳಿ ತಾಯಿ ಕಾರ್ಡ್ ಮಾಡಿಸಬೇಕು. 11ರಿಂದ 14ನೇ ವಾರದೊಳಗೆ ಎನ್.ಟಿ. ಸ್ಕ್ಯಾನ್ ಮತ್ತು ಡಬಲ್ ಮಾರ್ಕರ್ ಮಾಡಿಸಿದರೆ ಒಂದು ತಿಂಗಳು ಉಳಿಯುತ್ತದೆ. ಮೂರು ತಿಂಗಳು ತುಂಬುವವರೆಗೆ ಯಾರಿಗೂ ಹೇಳಬಾರದು ಎಂಬ ನಮ್ಮ ಮನೆಗಳ ಪದ್ಧತಿ ಈ ಒಂದು ತಿಂಗಳನ್ನು ನುಂಗುತ್ತದೆ.

ಆಮ್ನಿಯೋಸೆಂಟೆಸಿಸ್ ಬಗ್ಗೆ ನಮಗಿದ್ದ ಭಯ ದೊಡ್ಡದು. 15 ವಾರ ತುಂಬಿದ ಮೇಲೆ ಸ್ಕ್ಯಾನಿಂಗ್ ನೋಡುತ್ತ ತೆಳು ಸೂಜಿಯಿಂದ ಸ್ವಲ್ಪ ಗರ್ಭಜಲ ತೆಗೆಯುತ್ತಾರೆ. ಅದರಿಂದ ಗರ್ಭ ಬೀಳುವ ಸಂಭವ 200ಕ್ಕೆ ಒಂದು ಎಂದು ಹಿಂದೆ ಹೇಳುತ್ತಿದ್ದರು. ಅನುಭವಿಗಳ ಕೈಯಲ್ಲಿ ಅದಕ್ಕಿಂತ ಕಡಿಮೆ ಎನ್ನುತ್ತವೆ ಈಚಿನ ಅಧ್ಯಯನಗಳು. ತಾಯಿಯ ರಕ್ತ ಆರ್‌ಎಚ್ ನೆಗೆಟಿವ್ ಆಗಿದ್ದರೆ ಆಂಟಿ-ಡಿ ಇಂಜೆಕ್ಷನ್ ಬೇಕು, ನೆನಪಿಸಿ ಕೇಳಬೇಕು. ಸೂಜಿ ಹಾಕಿದ ದಿನ ಮಗಳು ಅಳಲಿಲ್ಲ. ಹೊರಗೆ ಬೆಂಚಿನ ಮೇಲೆ ಕೂತ ನಾನು ಮತ್ತು ಅಳಿಯ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ನಿರ್ಧಾರ ಯಾರದು?

ಫಲಿತಾಂಶಕ್ಕೆ ಕಾಯುವ ದಿನಗಳಲ್ಲಿ ಮನೆಯಲ್ಲಿ ಎಲ್ಲರೂ ನಿರ್ಧಾರ ಮಾಡಿ ಮುಗಿಸಿದ್ದರು, ಒಬ್ಬಳನ್ನು ಬಿಟ್ಟು. "ಹೆಚ್ಚು ಕಡಿಮೆ ಇದ್ದರೆ ತಗಿಸಿಬಿಡೂದು" ಎಂದು ಒಂದು ಪಕ್ಷ. "ಶಿವ ಕೊಟ್ಟದ್ದನ್ನ ಮುಟ್ಟಬಾರದು" ಎಂದು ಇನ್ನೊಂದು. ಎರಡೂ ಪಕ್ಷದವರು ಹೊರಬೇಕಾದವಳನ್ನು ಕೇಳಲಿಲ್ಲ.

ಕಾನೂನು ಸ್ಪಷ್ಟವಾಗಿದೆ. 1971ರ ಗರ್ಭಪಾತ ಕಾಯ್ದೆಗೆ 2021ರಲ್ಲಿ ತಿದ್ದುಪಡಿ ಬಂತು. ಭ್ರೂಣದಲ್ಲಿ ಗಂಭೀರ ದೋಷವಿದ್ದರೆ 24 ವಾರಗಳವರೆಗೆ ಇಬ್ಬರು ವೈದ್ಯರ ಅಭಿಪ್ರಾಯದ ಮೇಲೆ, ಆ ನಂತರ ವೈದ್ಯಕೀಯ ಮಂಡಳಿಯ ತೀರ್ಮಾನದ ಮೇಲೆ ಗರ್ಭ ತೆಗೆಯಲು ಅವಕಾಶವಿದೆ. ವಯಸ್ಕ ಮಹಿಳೆಯಾದರೆ ಆಕೆಯ ಒಪ್ಪಿಗೆಯಷ್ಟೇ ಸಾಕು. ಗಂಡನ ಸಹಿ, ಮಾವನ ಸಹಿ ಕಾನೂನು ಕೇಳುವುದಿಲ್ಲ. ಹಾಗೆಯೇ ಆಕೆ ಮಗು ಬೇಕೆಂದರೆ ಬೇಡವೆನ್ನಲು ಯಾರಿಗೂ ಅಧಿಕಾರವಿಲ್ಲ. ಇನ್ನೊಂದು ಮಾತು: ಈ ಪರೀಕ್ಷೆಗಳಲ್ಲಿ ಮಗು ಗಂಡೋ ಹೆಣ್ಣೋ ಎಂದು ಕೇಳುವುದೂ ಹೇಳುವುದೂ 1994ರ ಕಾಯ್ದೆಯಡಿ ಅಪರಾಧ. ಲಿಂಗಾಯತರು ಅದನ್ನು ಕಾನೂನಿಗೆ ಹೆದರಿ ಬಿಡಬೇಕಾಗಿಲ್ಲ, ಬಸವಣ್ಣನವರಿಗೆ ನಾಚಿ ಬಿಡಬೇಕು.

ನನಗೆ ಗೊತ್ತಿರುವ ಎರಡು ಮನೆಗಳ ವಿಷಯ ಹೇಳುತ್ತೇನೆ. ಒಂದು, ಹಳೆಯ ಸಹೋದ್ಯೋಗಿಯ ಮನೆ. ಅವರ ಸೊಸೆಗೆ ಖಚಿತ ಪರೀಕ್ಷೆಯಲ್ಲಿ ಬದುಕುಳಿಯಲಾರದಂಥ ದೋಷ ಕಂಡಿತು. ಐದು ತಿಂಗಳ ಮೇಲೆ ಗರ್ಭ ತೆಗೆಸಿದರು. ಮನೆಯಲ್ಲಿ ಅದರ ಮಾತೇ ಎತ್ತಬಾರದು ಎಂದಾಯಿತು. ಹದಿನೈದು ದಿನಕ್ಕೆ ಆ ಹುಡುಗಿ ಒಂದು ಮದುವೆಯಲ್ಲಿ ಬಡಿಸುತ್ತಿದ್ದಳು. ಎದೆಹಾಲು ಬರುತ್ತಿತ್ತು, ಅಳುವುದಕ್ಕೆ ಕೋಣೆ ಇರಲಿಲ್ಲ. ಅವಳಿಗೆ ಪಾಪದ ಮಾತು ಹೇಳಿದವರು ಇದ್ದರು, ಪಕ್ಕದಲ್ಲಿ ಕೂತವರು ಇರಲಿಲ್ಲ.

ಇನ್ನೊಂದು ಮನೆ ನಮ್ಮ ತಾಲೂಕಿನದೇ. ಆ ತಾಯಿಗೆ ಪರೀಕ್ಷೆಯೇ ಆಗಿರಲಿಲ್ಲ. ಹುಟ್ಟಿದ ಮೇಲೆ ಮಗನಿಗೆ ಡೌನ್ ಸಿಂಡ್ರೋಮ್ ಎಂದು ಗೊತ್ತಾಯಿತು. ಇಂಥ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಹೃದಯದ ತೊಂದರೆ ಇರುತ್ತದೆ. ಅವನಿಗೂ ಇತ್ತು, ಶಸ್ತ್ರಚಿಕಿತ್ಸೆ ಆಯಿತು. ಈಗ ಅವನಿಗೆ ಹತ್ತೊಂಬತ್ತು. ನಮ್ಮ ತಿಂಗಳ ಅನುಭಾವ ಗೋಷ್ಠಿಗೆ ಬಂದರೆ ಪ್ರಸಾದದ ಎಲೆ ಹಾಕುವ ಕಾಯಕ ಅವನದು. ಒಂದು ಎಲೆಯೂ ವಾರೆಯಾಗುವುದಿಲ್ಲ. ಅವನ ತಾಯಿ ಹೇಳಿದ್ದು ಇದು: "ಅವನ ಸಾಕೋದು ಭಾರ ಆಗ್ಲಿಲ್ಲ ಸಾಹೇಬ್ರೆ. ಜನ ನೋಡೋ ನೋಟ ಭಾರ ಆಯ್ತು."

ಈ ಇಬ್ಬರು ತಾಯಂದಿರಲ್ಲಿ ಯಾರು ಸರಿ ಎಂದು ಕೇಳಿದರೆ ನಾನು ಉತ್ತರಿಸಲಾರೆ. ಇಬ್ಬರಿಗೂ ನಾವು ಮಾಡಿದ್ದು ಮಾತ್ರ ಸರಿಯಲ್ಲ.

ಮಠಗಳಿಗೊಂದು ಅರಿಕೆ

ಗದುಗಿನ ವೀರೇಶ್ವರ ಪುಣ್ಯಾಶ್ರಮ ನಮ್ಮ ಮುಂದಿದೆ. ಕಣ್ಣಿಲ್ಲದ ಪಂಚಾಕ್ಷರಿ ಗವಾಯಿಗಳಿಗೆ ಹಾನಗಲ್ಲ ಕುಮಾರಸ್ವಾಮಿಗಳು ಆಸರೆಯಾದರು. ಆ ಗವಾಯಿಗಳು ಕಣ್ಣಿಲ್ಲದ ಪುಟ್ಟರಾಜರನ್ನು ಬೆಳೆಸಿದರು. ಅವರು ನೂರಾರು ಅಂಧ ಮಕ್ಕಳಿಗೆ ಅನ್ನ, ಅಕ್ಷರ, ಸಂಗೀತ ಕೊಟ್ಟರು. ಇದು ನಮ್ಮ ಹೆಮ್ಮೆ. ಆದರೆ ಒಂದು ಎಚ್ಚರವೂ ಬೇಕು. ಮಗು ಪುಟ್ಟರಾಜ ಗವಾಯಿಗಳಂತೆ ಹಾಡಿದರೆ ಮಾತ್ರ ಗೌರವ ಎಂದುಕೊಂಡರೆ, ಎಲೆ ಹಾಕುವ ಆ ಹುಡುಗನಿಗೆ ಎಲ್ಲಿ ಜಾಗ? ಕಾಯಕದಲ್ಲಿ ಮೇಲು ಕೀಳಿಲ್ಲ ಎಂದವರು ನಾವು.

ನನ್ನ ಅರಿಕೆಗಳು ನಾಲ್ಕೇ. ಒಂದು, ಮಠಗಳ ಮಾಸಿಕ ಗೋಷ್ಠಿಗಳಲ್ಲಿ ವರ್ಷಕ್ಕೊಮ್ಮೆಯಾದರೂ ಹೆರಿಗೆ ವೈದ್ಯರನ್ನು ಕರೆಸಿ ಈ ಪರೀಕ್ಷೆಗಳ ಬಗ್ಗೆ ಮಾತಾಡಿಸಲಿ. ಗಂಡಸರೂ ಕೂತು ಕೇಳಲಿ. ಎರಡು, ನಮ್ಮ ಸಮಾಜ ಕಟ್ಟಿದ ಬೆಳಗಾವಿಯ ಕೆ.ಎಲ್.ಇ., ವಿಜಯಪುರದ ಬಿ.ಎಲ್.ಡಿ.ಇ., ಸುತ್ತೂರು ಮಠದ ಜೆ.ಎಸ್.ಎಸ್.ನಂಥ ಸಂಸ್ಥೆಗಳಲ್ಲಿ ವೈದ್ಯಕೀಯ ಕಾಲೇಜುಗಳಿವೆ. ತಜ್ಞರು ಸಿಗದ ತಾಲೂಕುಗಳಲ್ಲಿ ಅವರು ಆನುವಂಶಿಕ ಸಲಹಾ ಶಿಬಿರ ನಡೆಸಲಿ. ಫೋನಿನಲ್ಲಾದರೂ ಒಬ್ಬ ಸಲಹೆಗಾರರು ಸಿಗಲಿ. ಮೂರು, ಅಂಗವಿಕಲ ಮಕ್ಕಳಿರುವ ಮನೆಗಳಿಗೆ ಸರ್ಕಾರದ ಸೌಲಭ್ಯ ತಲುಪಿಸುವ ಕೆಲಸ ಭಕ್ತರಲ್ಲಿ ಓದಿದವರು ವಹಿಸಿಕೊಳ್ಳಲಿ. ಮಕ್ಕಳ ತಪಾಸಣೆಗೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವಿದೆ, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಿದೆ, ಬೌದ್ಧಿಕ ವೈಕಲ್ಯ ಉಳ್ಳವರಿಗೆ ವರ್ಷಕ್ಕೆ 1 ಲಕ್ಷ ರೂಪಾಯಿವರೆಗಿನ ನಿರಾಮಯ ಆರೋಗ್ಯ ವಿಮೆಯಿದೆ. ಅರ್ಜಿ ತುಂಬಿಕೊಡುವುದೂ ದಾಸೋಹವೇ.

ನಾಲ್ಕನೆಯದು ಸಂಸ್ಕಾರದ ಮಾತು. ಎಂಟನೆಯ ತಿಂಗಳಲ್ಲಿ ಗರ್ಭಸ್ಥ ಶಿಶುವಿಗೆ ತಾಯಿಯ ಮೂಲಕ ಲಿಂಗಧಾರಣೆ ಮಾಡುವುದು ನಮ್ಮ ಪದ್ಧತಿ. ವರದಿಯ ಸುದ್ದಿ ಹಬ್ಬಿದ ಮೇಲೆ, ಕುಬಸವನ್ನೂ ಇದನ್ನೂ "ಎಲ್ಲಾ ಸರಿ ಅನ್ನೋದು ಗೊತ್ತಾದ ಮ್ಯಾಲ ನೋಡೋಣು" ಎಂದರು ನಮ್ಮವರೇ. ಆ ಲಿಂಗ ವರ್ಣತಂತು ಎಣಿಸಿ ಮಗುವಿಗೆ ಬರುವುದಿಲ್ಲ. ದೋಷವಿದೆ ಎಂದು ಗೊತ್ತಾದ ಮಗುವಿಗೂ, ಹೊರಲು ತಾಯಿ ಒಪ್ಪಿದ್ದರೆ, ಅದೇ ಸಂಭ್ರಮದಿಂದ ಆಗಬೇಕು. ಒಪ್ಪದೆ ಬೇರೆ ದಾರಿ ಹಿಡಿದ ತಾಯಿಯ ಕೊರಳಿನ ಲಿಂಗವೂ ಅಷ್ಟೇ ಪವಿತ್ರ ಎಂದು ಸ್ವಾಮಿಗಳು ಬಾಯಿಬಿಟ್ಟು ಹೇಳಬೇಕು. ಅವರು ಹೇಳಿದರೆ ಹತ್ತು ಡಾಕ್ಟರು ಹೇಳಿದ್ದಕ್ಕಿಂತ ಹೆಚ್ಚು ಮನೆಗಳಲ್ಲಿ ಕೇಳುತ್ತಾರೆ.

ನಮ್ಮ ಮಗಳ ಆಮ್ನಿಯೋಸೆಂಟೆಸಿಸ್ ಫಲಿತಾಂಶದಲ್ಲಿ ತೊಂದರೆ ಕಾಣಲಿಲ್ಲ. ಮಾರ್ಚ್ ತಿಂಗಳಲ್ಲಿ ಹೆರಿಗೆಯಾಯಿತು, ಇಬ್ಬರೂ ಚೆನ್ನಾಗಿದ್ದಾರೆ. ಫಲಿತಾಂಶ ಬಂದ ದಿನ ನಾನು ಪೇಡೆ ತರಲು ಹೊರಟಾಗ ಮಗಳು ತಡೆದು ಕೇಳಿದಳು: "ಅಪ್ಪಾ, ಬ್ಯಾರೆ ಬಂದಿದ್ರ ನೀ ನಮ್ಮ ಕೂಡ ಇರ್ತಿದ್ದೀ?"

ಇರುತ್ತಿದ್ದೆ ಎಂದೆ. ಎನ್ನುವ ಮುಂಚೆ ಒಂದು ಕ್ಷಣ ತಡವಾಯಿತು. ಅವಳು ಆ ತಡವನ್ನು ಗಮನಿಸಿದಳು. ಮುಂದಿನ ಮನೆಯ ಮಗಳು ಕೇಳಿದಾಗ ಅವಳ ಅಪ್ಪನಿಗೆ ಆ ತಡವಾಗದಿರಲಿ ಎಂದೇ ಇಷ್ಟೆಲ್ಲ ಬರೆದೆ.